ಅಪ್ಪ ದುಬೈ ಮುಟ್ಟುವ ಮೊದಲು

ಮಂಗಳೂರಿನಿಂದ ದುಬೈಗೆ ಮೂರೂ ಮುಕ್ಕಾಲು ಗಂಟೆ ಎಂದು ಫೋನಿನಲ್ಲಿ ಕಂಡಾಗಲೆಲ್ಲ ನನಗೆ ವಾಮದಪದವಿನ ನಮ್ಮ ಮನೆಯ ಧೂಳಿನ ವಾಸನೆ ಬರುತ್ತದೆ.

ಅಂದು ಅಪ್ಪ ದುಬೈಯ ಹೋಟೆಲ್ ಕೆಲಸಕ್ಕೆ ಹೊರಟಿದ್ದರು. ಕಳಿಸಿಕೊಡಲು ಅಮ್ಮ ವಿಮಾನ ನಿಲ್ದಾಣಕ್ಕೆ ಹೋಗಿದ್ದಳು. ನೆಂಟರು ತಿಂದು ಚೆಲ್ಲಿದ ಅವಲಕ್ಕಿ ಚಾವಡಿ ತುಂಬ ಬಿದ್ದಿತ್ತು, ಇರುವೆ ಮುತ್ತಿತ್ತು. ಆದರೆ ನಮ್ಮಲ್ಲಿ ಹೊರಟವರು ಹೋದ ಜಾಗ ಮುಟ್ಟುವವರೆಗೆ ಮನೆ ಗುಡಿಸುವಂತಿರಲಿಲ್ಲ. ಅಜ್ಜಿ ಹಿಡಿಸೂಡಿ ಹಿಡಿದು ಚಡಪಡಿಸುತ್ತಿದ್ದರು.

“ಅವನು ಮುಟ್ಟುವುದು ಎಷ್ಟು ಗಂಟೆಗೆ ಮಾರಾಯ? ಶಾಲೆಗೆ ಹೋಗುವವ ನೀನಲ್ವಾ, ಹೇಳು.”

ಅಪ್ಪ ಕ್ಯಾಲೆಂಡರಿನಲ್ಲಿ ಬರೆದಿಟ್ಟದ್ದನ್ನು ಓದಿದೆ. ಒಂಬತ್ತಕ್ಕೆ ಹೊರಟು ಹನ್ನೊಂದೂಕಾಲಿಗೆ ದುಬೈ. ಗೋಡೆ ಗಡಿಯಾರ ಅಷ್ಟು ತೋರಿಸಿದ್ದೇ ಅಜ್ಜಿ ಗುಡಿಸಿ ಮುಗಿಸಿದರು.

ಹನ್ನೆರಡಕ್ಕೆ ಅಮ್ಮ ಬಂದಳು. “ಅದು ಅಲ್ಲಿಯ ಹನ್ನೊಂದೂಕಾಲು ಅತ್ತೆ. ಅಲ್ಲಿ ನಮಗಿಂತ ಒಂದೂವರೆ ಗಂಟೆ ಹಿಂದೆ ಉಂಟು. ಅವರು ಈಗ ಸಮುದ್ರದ ಮೇಲೆ ಇದ್ದಾರಷ್ಟೆ,” ಎಂದು ನಕ್ಕಳು.

ಅಜ್ಜಿ ಅಂಗಳದ ಮೂಲೆಗೆ ಹೋಗಿ, ಕಸವನ್ನು ಮೊರದಲ್ಲಿ ತುಂಬಿ ತಂದು ಚಾವಡಿಗೆ ಮತ್ತೆ ಚೆಲ್ಲತೊಡಗಿದರು. ಸಾಲದೆಂದು ನಾನೂ ಎರಡು ಹಿಡಿ ಮಣ್ಣು ತಂದೆ.

ಇದೆಲ್ಲ ನಡೆದೇ ಇಲ್ಲ ಎನ್ನುತ್ತಾಳೆ ಅಮ್ಮ. ಅಪ್ಪನೂ ಅವಳ ಪಕ್ಷ. ಇರಬಹುದು. ಕ್ಯಾಲೆಂಡರಿನಲ್ಲಿ ಅಪ್ಪನ ಅಕ್ಷರವಿತ್ತೋ, ಆಮೇಲೆ ನಾನೇ ಬರೆದುಕೊಂಡೆನೋ, ನನಗೂ ಖಚಿತವಿಲ್ಲ. ಆದರೆ ಅಮ್ಮನ ನಗು ನಿಂತದ್ದು ಗೊತ್ತು. ನೆಲವನ್ನೊಮ್ಮೆ ಸುತ್ತ ನೋಡಿ ಅವಳು ಸಣ್ಣ ಸ್ವರದಲ್ಲಿ ಹೇಳಿದಳು:

“ಬಾಗಿಲ ಹತ್ತಿರ ಇನ್ನೂ ಸ್ವಲ್ಪ ಹಾಕು ಮಗ. ಅಲ್ಲಿ ಜಾಸ್ತಿ ಇತ್ತು.”