ಮೆಹಿಟಬಲ್‌ಳ ಗುಂಡುಸೂಜಿ

"ಯಾರು ಸತ್ರು?" ಎಂದಳು ಮೆಹಿಟಬಲ್, ಒಂಬತ್ತು ದಿನದ ಜ್ವರದಿಂದ ಕಣ್ಣು ತೆರೆದವಳೇ. ಹಾಸಿಗೆಯ ಪಕ್ಕ ಕೂತು ಬರೆಯುತ್ತಿದ್ದ ಗಂಡ ಎಲ್ನೇಥನ್ ಕಾಗದವನ್ನು ತಟ್ಟನೆ ತೊಡೆಯ ಕೆಳಗೆ ತುರುಕಿದ. ಅವನು ಪೀಪಾಯಿ ಮಾಡುವವನು. ಊರಲ್ಲಿ ಯಾರು ಸತ್ತರೂ ಚರಮಗೀತೆ ಬರೆಯುವವನೂ ಅವನೇ. ಅದನ್ನು ಶವಪೆಟ್ಟಿಗೆಯ ಕರಿಬಟ್ಟೆಗೆ ಚುಚ್ಚಿ, ಪೆಟ್ಟಿಗೆಯ ಜೊತೆಗೇ ಹೂಳುವುದು ಮ್ಯಾಸಚೂಸೆಟ್ಸಿನ ನಮ್ಮ ಹಳ್ಳಿಯಲ್ಲಿ ಆಗಿನ ಪದ್ಧತಿ. ಚುಚ್ಚುವ ಗುಂಡುಸೂಜಿ ಪ್ರತಿಸಲವೂ ಮೆಹಿಟಬಲ್‌ಳದು. ಇಪ್ಪತ್ತಾರು ವರ್ಷದಲ್ಲಿ ಅವನು ಬರೆದದ್ದೆಲ್ಲ ಮಣ್ಣಿನಡಿ ಇತ್ತು.

"ಯಾರೂ ಇಲ್ಲ ಕಣೆ, ಮಲಕ್ಕೋ."

"ಯಾರೂ ಸಾಯದೆ ನೀನು ಮಸಿ ಮುಟ್ಟಿದ್ದುಂಟಾ? ನನಗೇ ತಾನೆ ಬರೆದದ್ದು? ಓದು."

ಅವನು ತಲೆಯೆತ್ತದೆ ಓದಿದ. ಅವಳು ಹಿಟ್ಟು ನಾದುವಾಗ ತಾನು ಕೆಲಸ ನಿಲ್ಲಿಸಿ ಕಿಟಕಿಯಿಂದ ನೋಡುತ್ತಿದ್ದದ್ದು, ಅವಳ ನಗು ಕೇಳಲೆಂದೇ ಕಳೆಯದ ಸುತ್ತಿಗೆಯನ್ನು ಹುಡುಕುವ ನೆಪದಲ್ಲಿ ಒಳಗೆ ಬರುತ್ತಿದ್ದದ್ದು, ಎಲ್ಲ ಅದರಲ್ಲಿತ್ತು.

"ಅಯ್ಯೋ ಪಾಪಿ, ಇದನ್ನ ಹೇಳೋಕೆ ನಾನು ಸಾಯೋವರೆಗೂ ಕಾಯ್ತಿದ್ಯಾ?"

"ಒಲೆಗೆ ಹಾಕ್ತೀನಿ ಬಿಡು. ಹೂಳೋಕೆ ಬರೆದದ್ದು, ಬದುಕಿರೋರ ಮನೇಲಿ ಇರಬಾರದು."

ಮೆಹಿಟಬಲ್ ಕಾಗದ ಕಿತ್ತುಕೊಂಡಳು. ತಲೆಯ ಟೋಪಿಯಿಂದ ಗುಂಡುಸೂಜಿ ತೆಗೆದು, ಕಾಗದವನ್ನು ತನ್ನ ಅಂಗಿಯ ಎದೆಗೆ ಚುಚ್ಚಿಕೊಂಡಳು.

"ನನ್ನ ಹೂಳೋವರೆಗೂ ಇಲ್ಲೇ ಇರಲಿ," ಎಂದಳು. "ಹೋಗು, ಜೋಳದ ಗಂಜಿ ತಾ. ಒಳಗೆ ಬರೋಕೆ ಇನ್ಮೇಲೆ ಸುತ್ತಿಗೆ ನೆಪ ಬೇಡ."