ಒರೆಯ ತೂಕ

"ಕ್ಲಚ್ ಹಾಕೋಕೆ ನಲವತ್ತು ಸಾವಿರ ರಿಯಾಲಾ? ಅದರ ಬದಲು ಕತ್ತು ಕುಯ್ದುಬಿಡೋ!" ಟ್ಯಾಕ್ಸಿಯ ಜುಬ್ರಾನ್ ಮೆಕ್ಯಾನಿಕ್ ಮುಸ್ಲಿಹನ ಮೇಲೆ ಹರಿಹಾಯ್ದ.

"ಸಾಮಾನಿಗೇ ಮೂವತ್ತೆಂಟಾಯ್ತು ಕಣೋ. ನ್ಯಾಯ ಹಾಜಿಯವರೇ ಹೇಳಲಿ."

ಸನಾ ನಗರದ ಗ್ಯಾರೇಜು ಬೀದಿಯೇ ಸುತ್ತ ನೆರೆದಿತ್ತು. ಬೀದಿಯ ಹಿರಿಯ ಹಾಜಿ ನಾಜಿ ಕೈ ಚಾಚಿದರು. ತೀರ್ಪಿಗೆ ತಲೆಬಾಗುವವರು ಗಂಡಸಿನ ಮಾನವೆನಿಸಿದ ಸೊಂಟದ ಬಾಕುವನ್ನು ಒರೆಸಮೇತ ಅವರಲ್ಲಿ ಅಡವಿಡಬೇಕು. ಇಬ್ಬರೂ ತಡವರಿಸಿದರು, ಜನರೆದುರು ಬೇರೆ ದಾರಿಯಿಲ್ಲದೆ ಬಿಚ್ಚಿ ಕೊಟ್ಟರು.

ಹಾಜಿ ಮೊದಲು ಮುಸ್ಲಿಹನದನ್ನು ಅಂಗೈಯಲ್ಲಿ ತೂಗಿದರು. ಹಿಡಿ ಬರೀ ಮರದ್ದು, ಒರೆಯೊಳಗೆ ಅಲಗೇ ಇರಲಿಲ್ಲ. ಅಪ್ಪನ ಕಾಲದ ಬಾಕು ಎಂದೋ ಮಾರಾಟವಾಗಿತ್ತು. ಜುಬ್ರಾನನದನ್ನು ತೂಗಿದರು. ಅದೂ ಅಷ್ಟೇ ಹಗುರ.

ಎರಡನ್ನೂ ಹೊರಗೆಳೆಯದೆ ಹಿಂತಿರುಗಿಸಿ, ಅವರಿಬ್ಬರಿಗಷ್ಟೇ ಕೇಳುವಂತೆ ಹೇಳಿದರು: "ಯಾರಿಂದ ಯಾರಿಗೆ ಕೊಡಿಸ್ಲಿ? ಬೇಗ ಕಟ್ಕೊಳ್ರಪ್ಪಾ, ಜನ ನೋಡ್ತಿದಾರೆ."