ಕೇಳಿಸುವಂತೆ ಓದತಕ್ಕದ್ದು

"ಕಂಕುಳಲ್ಲೇನದು? ಕೆಳಗಿಡು!" ಎಂದು ಪೇದೆ ಗುಡುಗಿದ್ದೇ ತಡ, ಹೆರಿಗೆ ವಾರ್ಡಿನ ಅಷ್ಟೂ ಕೂಸುಗಳು ಒಟ್ಟಿಗೆ ಚೀರಿಕೊಂಡವು.

ಠಾಣೆಯಲ್ಲಿ ಅವನಿಗೆ ನಗಾರಿ ಎಂದು ಹೆಸರಿಟ್ಟವರು ಸುಮ್ಮನೆ ಇಟ್ಟಿರಲಿಲ್ಲ. ವಾರ್ಡಿನ ಬಾಗಿಲಿಗೆ ಅಂಟಿಕೊಂಡು ಗಾಜಿನಲ್ಲಿ ಇಣುಕುತ್ತಿದ್ದ ಮುದುಕ ಬೆಚ್ಚಿಬಿದ್ದು, ಕಂಕುಳಲ್ಲಿದ್ದ ಪೊಟ್ಟಣ ಬಿಚ್ಚಿ ತೋರಿಸಿದ. ಹಳೆಯ ಅಂಗಿ ಕತ್ತರಿಸಿ ಹೊಲಿದ ಒಂದು ಪುಟ್ಟ ಕುಲಾವಿ.

ನರ್ಸ್ ಓಡಿ ಬಂದಳು. "ಸ್ವಲ್ಪಾನಾದ್ರೂ ಬುದ್ಧಿ ಇದೆಯಾ ನಿಮಗೆ? ಈಗ ತಾನೇ ಎಲ್ಲಾನೂ ಮಲಗಿಸಿದ್ದೆ!"

"ಇವರು ಮಾನಸಿಕ ಆಸ್ಪತ್ರೆಯಿಂದ ತಪ್ಪಿಸ್ಕೊಂಡು ಬಂದೋರು ಕಣಮ್ಮ. ಕೋರ್ಟ್ ಆರ್ಡರ್ ಇದೆ," ಎಂದು ನಗಾರಿ ಜೀವಮಾನದಲ್ಲೇ ಮೊದಲ ಸಲ ಪಿಸುಗುಟ್ಟಲು ನೋಡಿದ.

ಮುದುಕ ದರ್ಜಿ. ಹೋದ ವರ್ಷ ಕಾಯಿಲೆ ವಿಪರೀತಕ್ಕೆ ಹೋದಾಗ ತನ್ನ ಅಂಗಡಿಗೆ ತಾನೇ ಬೆಂಕಿ ಇಟ್ಟು, ನ್ಯಾಯಾಲಯದ ಆದೇಶದ ಮೇಲೆ ಆಸ್ಪತ್ರೆ ಸೇರಿದವನು. ಅಂದಿನಿಂದ ಮಗಳು ಅತ್ತ ತಲೆ ಹಾಕಿರಲಿಲ್ಲ. ಅವಳಿಗೆ ಹೆರಿಗೆಯಾದ ಸುದ್ದಿ ಮಾತ್ರ ಹೇಗೋ ಅವನ ಕಿವಿಗೆ ಬಿದ್ದಿತ್ತು.

ನಿಯಮವೆಲ್ಲ ನಗಾರಿಗೆ ಬಾಯಿಪಾಠ. ಮೊದಲು ಆದೇಶವನ್ನು ಪೂರ್ತಿಯಾಗಿ, ಕೇಳಿಸುವಂತೆ ಓದತಕ್ಕದ್ದು. ಆಮೇಲೆ ರೋಗಿ ತಾನಾಗಿ ಹೊರಟರೆ 'ಮರಳಿದರು' ಎಂದು ಬರೆಯಬೇಕು, ಕೊಸರಾಡಿದರೆ 'ಹಿಡಿದು ತರಲಾಯಿತು' ಎಂದು. ಹಾಗೆ ಬರೆಸಿಕೊಂಡ ರೋಗಿಗೆ, ಮುಂದಿನ ತಿಂಗಳು ಕೋರ್ಟಿನಲ್ಲಿರುವ ಬಿಡುಗಡೆಯ ವಿಚಾರಣೆಯಲ್ಲಿ ಮನೆಗೆ ಹೋಗುವ ಮಾತೇ ಇಲ್ಲ.

"ಒಂದ್ಸಲ ಮಗು ನೋಡ್ಬಿಟ್ಟು ಬರ್ತೀನಿ ಸ್ವಾಮಿ. ಬಂದು ಎಷ್ಟು ಹೊತ್ತಾಯ್ತು, ಒಳಗೆ ಹೋಗೋಕೇ ಧೈರ್ಯ ಬರ್ತಿಲ್ಲ," ಎಂದ ದರ್ಜಿ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಮಗಳು ನಿಂತಿದ್ದಳು, ತೋಳಲ್ಲಿ ಕಿರುಚಿ ಕಿರುಚಿ ಕೆಂಪಾದ ಕೂಸು. ಅಪ್ಪನನ್ನು ನೋಡಿದಳು, ಪೇದೆಯನ್ನು ನೋಡಿದಳು, ಕುಲಾವಿಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

"ಏನಪ್ಪಾ, ಹಾಗೇ ನಿಂತ್ಬಿಟ್ರಲ್ಲ? ನಿಮ್ಮ ಮೊಮ್ಮಗಳು ಸುಮ್ಮನಾಗ್ತಿಲ್ಲ, ತಗೊಳ್ಳಿ."

ನಗಾರಿ ಬೇಡವೆನ್ನಲು ಬಾಯಿ ತೆರೆದ. ನರ್ಸ್ ಕಣ್ಣು ಕೆಂಪಗೆ ಮಾಡಿದಳು. ಬಾಯಿ ಮುಚ್ಚಿಕೊಂಡ.

ದರ್ಜಿ ಕೂಸನ್ನು ಎತ್ತಿಕೊಂಡು ಬೆಂಚಿನ ಮೇಲೆ ಕೂತ. ಹೊಲಿಗೆ ಯಂತ್ರ ತುಳಿದು ಪಳಗಿದ ಪಾದಗಳು ಅವನನ್ನು ಕೇಳದೆಯೇ ಆಡತೊಡಗಿದವು. ಮೊಣಕಾಲು ಏರಿಳಿದಂತೆ ಕೂಸೂ ಏರಿಳಿಯಿತು. ಚೀರಾಟ ಬಿಕ್ಕಾಯಿತು, ಬಿಕ್ಕು ಆಕಳಿಕೆಯಾಯಿತು. ಮುದುಕನಿಗೆ ಕಣ್ತುಂಬ ನೀರು, ಬಾಯ್ತುಂಬ ನಗು.

ನಗಾರಿಗೆ ಮಾತ್ರ ಪೀಕಲಾಟ. ಓದದಿದ್ದರೆ ಕೆಲಸಕ್ಕೆ ಸಂಚಕಾರ, ಓದಿದರೆ ಈ ನರ್ಸ್ ಉಳಿಸುವುದಿಲ್ಲ. ಕಾಗದ ಬಿಡಿಸಿ, ಗಂಟಲನ್ನು ಆದಷ್ಟು ತಗ್ಗಿಸಿ ಶುರು ಮಾಡಿದ. ಎದುರಿಗೇ ದರ್ಜಿಯ ಪಾದ ಲಯವಾಗಿ ಆಡುತ್ತಿತ್ತು, ದನಿಯೂ ಅದಕ್ಕೇ ಒಗ್ಗಿಕೊಂಡಿತು.

"ಸದರಿ ವ್ಯಕ್ತಿಯೂಊ... ಅನುಮತಿ ಇಲ್ಲದೇಏ... ಹೊರಗೆ ಹೋದದ್ದರಿಂದಾಆ..."

ವಾರ್ಡಿನ ಕೂಸುಗಳು ಒಂದೊಂದಾಗಿ ಸುಮ್ಮನಾದವು. ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಇವರಿಂದ ಇತರರಿಗೇಏ... ಅಪಾಯ ಇರುವುದರಿಂದಾಆ..." ಎಂಬಲ್ಲಿಗೆ ಬರುವಾಗ ಮೊಮ್ಮಗಳು ಅಜ್ಜನ ಬೆರಳು ಹಿಡಿದುಕೊಂಡು ನಿದ್ದೆಹೋದಳು.

ಓದಿ ಮುಗಿಯಿತು. ದರ್ಜಿ ಕೂಸಿಗೆ ಕುಲಾವಿ ತೊಡಿಸಿ, ಮಗಳ ಕೈಗೆ ಕೊಟ್ಟು, ಪೇದೆಗಿಂತ ಮೊದಲೇ ಮೆಟ್ಟಿಲಿಳಿಯತೊಡಗಿದ. "ಬನ್ನಿ ಸ್ವಾಮಿ, ಊಟದ ಹೊತ್ತಿಗೆ ಹೋಗ್ಬಿಡೋಣ." ನಗಾರಿ ಕಾಗದವನ್ನು ಗೋಡೆಗೆ ಒತ್ತಿ ಹಿಡಿದು 'ಮರಳಿದರು' ಎಂದು ದಪ್ಪಗೆ ಬರೆದ.

ಮಗಳು ಬಾಗಿಲಲ್ಲೇ ನಿಂತು ಪೇದೆಯನ್ನು ಮೆಲ್ಲಗೆ ಕರೆದಳು.

"ಅಣ್ಣಾ, ಮುಂದಿನ ತಿಂಗಳು ಇವಳನ್ನ ಎತ್ಕೊಂಡು ನಾನೂ ಕೋರ್ಟಿಗೆ ಬರ್ತೀನಿ. ಆ ಅಪಾಯದ ಸಾಲು ಬಂದಾಗ, ಜಡ್ಜ್ ಎದುರಿಗೂ ಹೀಗೇ ಓದ್ತೀರಾ?"